ಮದರಾಸಿನಲ್ಲಿ ಉರುಳಗಡ್ಡೆ

ಸಂಘದ ಕಾರ್ಯಕ್ರಮಗಳಲ್ಲಿ ನನ್ನನ್ನು ಕಂಡವರು ಈಚೆಗೆ ಹೆಂಡತಿ ಮಕ್ಕಳ ಯೋಗಕ್ಷೇಮಕ್ಕಿಂತ ಮೊದಲು "ಏನು ಸ್ವಾಮಿ, ಆಲೂಗಡ್ಡೆ ಹೇಗಿದೆ?" ಎಂದು ವಿಚಾರಿಸುತ್ತಾರೆ. ಈ ಪ್ರಶ್ನೆಯಲ್ಲಿ ಕುತೂಹಲವೆಷ್ಟು, ಕುಚೋದ್ಯವೆಷ್ಟು ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿದೆ. ಆದ್ದರಿಂದ ಕಚೇರಿಯ ಪದ್ಧತಿಯಂತೆ ಎಲ್ಲರಿಗೂ ಸೇರಿಸಿ ಒಂದು ಸುತ್ತೋಲೆ ಹೊರಡಿಸುವುದೇ ವಾಸಿ ಎಂದುಕೊಂಡೆ. ಸಂಪಾದಕರು ದೊಡ್ಡ ಮನಸ್ಸು ಮಾಡಿ ಜಾಗ ಕೊಟ್ಟಿದ್ದಾರೆ.

ನಾನು ಕೇಂದ್ರ ಸರ್ಕಾರದ ಗುಮಾಸ್ತ. ಹಾಸನದಲ್ಲಿ ಬಿ.ಎಸ್‌ಸಿ. ಮಾಡಿದವನು. ಓದಿದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳು ಇಪ್ಪತ್ತು ವರ್ಷಗಳಿಂದ ಕಡತಗಳ ಕೆಳಗೆ ಬಿದ್ದಿವೆ. ಮಡಿಪಾಕ್ಕಂನಲ್ಲಿ ಒಂದು ನೆಲಮಹಡಿಯ ಬಾಡಿಗೆ ಮನೆ. ಮೇಲೆ ಮನೆಯ ಯಜಮಾನರ ವಯಸ್ಸಾದ ತಾಯಿ ಒಬ್ಬರೇ ಇದ್ದಾರೆ, ಅವರನ್ನು ನಾವೆಲ್ಲ 'ಪಾಟಿ' ಎನ್ನುತ್ತೇವೆ. ಹಿತ್ತಲಲ್ಲಿ ಹನ್ನೆರಡಡಿ ಉದ್ದ, ಹತ್ತಡಿ ಅಗಲದ ಖಾಲಿ ನೆಲ. ಬಟ್ಟೆ ಒಣಗಿಸುವ ತಂತಿ, ಒಂದು ಪರಂಗಿ ಗಿಡ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

2022ರಲ್ಲಿ ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಇಲ್ಲಿಗೆ ಕರೆತಂದೆ. ಶಾಂತಿಗ್ರಾಮದ ಕಡೆಯ ನಮ್ಮೂರಿನಲ್ಲಿ ಎರಡೆಕರೆ ಹೊಲ ಮಾಡಿಕೊಂಡಿದ್ದವರು ಅವರು. ಇಲ್ಲಿಗೆ ಬಂದು ಮೆಟ್ಟಿಲ ಮೇಲೆ ಕೂತರು, ಕೂತೇ ಇದ್ದರು. ತಮಿಳು ಬಾರದು, ಟೀವಿ ಹಿಡಿಸದು. ನಾನು ಬೆಳಗ್ಗೆ ಎಂಟಕ್ಕೆ ಸೇಂಟ್ ಥಾಮಸ್ ಮೌಂಟ್‌ನಲ್ಲಿ ರೈಲು ಹಿಡಿಯಲು ಹೊರಟಾಗ ಯಾವ ಮೆಟ್ಟಿಲಲ್ಲಿ ಇದ್ದರೋ ಸಂಜೆ ಏಳಕ್ಕೆ ಬಂದಾಗಲೂ ಅದೇ ಮೆಟ್ಟಿಲಲ್ಲಿ ಇರುತ್ತಿದ್ದರು. ಹತ್ತು ದಿನಕ್ಕೊಮ್ಮೆ, ಊಟದ ತಟ್ಟೆಯ ಮುಂದೆ, "ನಾನು ಊರಿಗೆ ಓಯ್ತೀನಿ ಕಣ್ಲಾ" ಎನ್ನುವರು. ಊರಿನಲ್ಲಿ ಒಲೆ ಹಚ್ಚುವವರು ಯಾರೂ ಇಲ್ಲ, ಅವರಿಗೆ ಸಕ್ಕರೆ ಕಾಯಿಲೆ ಬೇರೆ. ನಾನು ಉತ್ತರ ಹೇಳದೆ ಮೊಸರು ಕಲಸುತ್ತಿದ್ದೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಈ ತಟ್ಟೆ, ಈ ಮಾತು, ಈ ಮೌನ ಇದೆಯೆಂದು ನನಗೆ ಗೊತ್ತು, ಹೆಚ್ಚು ಬೆಳೆಸುವುದಿಲ್ಲ.

ಆಲೂಗಡ್ಡೆಯ ವಿಚಾರ ಬಂದದ್ದು ಹೀಗೆ. ಕೋಯಂಬೇಡಿನಿಂದ ತಂದ ಒಂದು ಗಡ್ಡೆ ಅಡಿಗೆಮನೆಯ ಮೂಲೆಯಲ್ಲಿ ಮೊಳಕೆಯೊಡೆದಿತ್ತು. ಮಗಳು ಅದನ್ನು ಎಸೆಯಲು ಹೋದಳು. ಅಪ್ಪ ಕೈ ಚಾಚಿ ಇಸಕೊಂಡು, ಬೆರಳಿನಿಂದ ಅದರ ಕಣ್ಣು ಎಣಿಸಿದರು. ಇಡೀ ತಿಂಗಳಲ್ಲಿ ಅವರು ಯಾವುದಾದರೂ ಪದಾರ್ಥವನ್ನು ಹಾಗೆ ದಿಟ್ಟಿಸಿ ನೋಡಿದ್ದು ಅದೊಂದೇ ಸಲ.

ಹಾಸನದ ಸೀಮೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಇದು ಮಳೆಗಾಲದ ಬೆಳೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಹಾಸನದ ಮಾರುಕಟ್ಟೆಗೆ ಬಂದು ಇಳಿಯುತ್ತದೆ. ತಳಿ ಬಹುಮಟ್ಟಿಗೆ 'ಕುಫ್ರಿ ಜ್ಯೋತಿ'. ಕುಫ್ರಿ ಎಂಬುದು ಶಿಮ್ಲಾದ ಬಳಿಯ ಊರು. 1949ರಲ್ಲಿ ಪಟ್ನಾದಲ್ಲಿ ಹುಟ್ಟಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಈ ತಳಿಯನ್ನು ಬಿಡುಗಡೆ ಮಾಡಿತು. ನಮ್ಮಪ್ಪ ಶಿಮ್ಲಾ ಕಂಡವರಲ್ಲ. 'ಜ್ಯೋತಿ' ಎಂದರೆ ಅವರ ಪಾಲಿಗೆ ಮನೆಮಗಳ ಹೆಸರಿನ ಹಾಗೆ. ಆದರೆ ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ಅಂಗಮಾರಿ ಬಂತೆಂದೇ ತಿಳಿಯಬೇಕು. ಸಂಜೆ ಹಸಿರಾಗಿದ್ದ ಹೊಲ ವಾರದೊಳಗೆ ಸುಟ್ಟ ಹಾಗೆ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ತಳ್ಳಿದ್ದೂ ಇದೇ ರೋಗ. ಅದು ಮತ್ತೆ ಮತ್ತೆ ಬಂದು ನಮ್ಮ ಕಡೆಯ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿಕೊಂಡರು. ಅಪ್ಪನೂ ಅವರಲ್ಲೊಬ್ಬರು. ಅವರು ಆಲೂಗಡ್ಡೆ ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು.

"ಹಿತ್ತಲಲ್ಲಿ ಹಾಕೋಣ" ಎಂದೆ.

"ಈ ಮದ್ರಾಸಲ್ಲಾ? ಇದೇನು ಉರ್ಳಗಡ್ಡೆ ಮಣ್ಣೇನ್ಲಾ, ಮಡಕೆ ಮಾಡೋ ಮಣ್ಣು" ಎಂದು ಅಪ್ಪ ಕೊಠಡಿಗೆ ಹೊರಟುಹೋದರು.

ಅವರು ಹೇಳಿದ್ದು ಸುಳ್ಳಲ್ಲ. ಮಡಿಪಾಕ್ಕಂ ಒಂದು ಕಾಲಕ್ಕೆ ಕೆರೆ, ಗದ್ದೆಗಳ ಊರು. ಪಕ್ಕದಲ್ಲೇ ಪಳ್ಳಿಕ್ಕರಣೈ ಜೌಗು. ಮಳೆಗೆ ಅಂಟು, ಬಿಸಿಲಿಗೆ ಇಟ್ಟಿಗೆ. ಇದಕ್ಕಿಂತ ದೊಡ್ಡ ತೊಡಕು ಸೆಕೆ. ರಾತ್ರಿಯ ತಾಪ ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಇಳಿಯದಿದ್ದರೆ ಆಲೂಗಡ್ಡೆ ಗಿಡ ಸೊಪ್ಪು ಬಿಡುತ್ತದೆಯೇ ಹೊರತು ಗಡ್ಡೆ ಕಟ್ಟುವುದಿಲ್ಲ. ಚೆನ್ನೈಯಲ್ಲಿ ಆ ಭಾಗ್ಯ ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ಮೊದಲವರೆಗೆ, ಅದೂ ಅಂಚಿನಲ್ಲಿ. ಸೆಕೆ ತಡೆಯುವ 'ಕುಫ್ರಿ ಸೂರ್ಯ' ಎಂಬ ತಳಿ 2006ರಲ್ಲಿ ಬಂದಿದೆ. ಆದರೆ ಎರಡು ಕಿಲೋ ಬಿತ್ತನೆ ಬೇಕೆಂದು ಶಿಮ್ಲಾಕ್ಕೆ ಅರ್ಜಿ ಹಾಕುವ ಧೈರ್ಯ, ದಿನಾ ಅರ್ಜಿಗಳ ಗತಿ ನೋಡುವ ನನಗೆ ಬರಲಿಲ್ಲ.

ಇಲ್ಲಿ ನನ್ನ ಬಿ.ಎಸ್‌ಸಿ. ತಲೆಯೆತ್ತಿತು. ಆಲೂಗಡ್ಡೆ ಬೇರಲ್ಲ, ಕಾಂಡ. ಗಿಡದ ಬುಡದಿಂದ ಹೊರಟ ಎಳೆ ಕವಲುಗಳ ತುದಿ ಉಬ್ಬಿ ಗಡ್ಡೆಯಾಗುತ್ತದೆ. ಬೇರಿಗೆ ಮಣ್ಣು ಬೇಕು, ಸರಿ. ಗಡ್ಡೆಗೆ ಬೇಕಾದದ್ದು ಕತ್ತಲೆ ಮತ್ತು ತಂಪು. ಆ ಕತ್ತಲೆಯನ್ನು ಮಣ್ಣೇ ಕೊಡಬೇಕೆಂದು ಯಾವ ಶಾಸನವೂ ಇಲ್ಲ, ಒಣಹುಲ್ಲೂ ಕೊಡಬಹುದು. ಅಮೆರಿಕದಲ್ಲಿ ರೂತ್ ಸ್ಟೌಟ್ ಎಂಬ ಮಹಿಳೆ ಉಳದೆ, ಅಗೆಯದೆ, ನೆಲದ ಮೇಲೆ ಗಡ್ಡೆ ಇಟ್ಟು ಹುಲ್ಲು ಹೊದಿಸಿ ಬೆಳೆಯುತ್ತಿದ್ದರು; 1955ರಲ್ಲಿ ಅದನ್ನು ಕುರಿತು ಪುಸ್ತಕವನ್ನೂ ಬರೆದರು. ಅಷ್ಟು ದೂರ ಹೋಗುವುದೂ ಬೇಡ. ಬಂಗಾಳದ ಸುಂದರಬನದಲ್ಲಿ ಭತ್ತ ಕೊಯ್ದ ಹಸಿ ಜೇಡಿಯ ಮೇಲೆ ಗಡ್ಡೆ ಸಾಲಾಗಿಟ್ಟು, ಗೊಬ್ಬರ ಉದುರಿಸಿ, ಅದೇ ಗದ್ದೆಯ ಹುಲ್ಲನ್ನು ದಪ್ಪವಾಗಿ ಮುಚ್ಚಿ ರೈತರು ಬೆಳೆ ತೆಗೆಯುತ್ತಿದ್ದಾರೆ. ಉಪ್ಪುನೆಲ, ಉಳಲಾಗದ ಅಂಟು ಮಣ್ಣು. ನಮ್ಮ ಹಿತ್ತಲಿಗೆ ಅಣ್ಣತಮ್ಮನಂಥ ನೆಲ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಕೊನೆಯವರೆಗೂ ಕೇಳಿ, "ಉಳಂಗಿಲ್ಲ, ಬುಡಕ್ಕೆ ಮಣ್ಣು ಕೊಡಂಗಿಲ್ಲ, ಕಳೆ ಕೀಳಂಗಿಲ್ಲ. ಇದ್ನ ಕಲಿಯೋಕೆ ನಿನ್ನ ಕಾಲೇಜಿಗೆ ಕಳಿಸ್ದೆ ನೋಡು" ಎಂದರು.

ಬಿತ್ತನೆಯದು ಇನ್ನೊಂದು ಕಥೆ. ನಮ್ಮ ಕಚೇರಿಯಲ್ಲಿ ಕೋತಗಿರಿಯ ಕಡೆಯ ಬಡಗ ಸ್ನೇಹಿತರೊಬ್ಬರಿದ್ದಾರೆ. ನೀಲಗಿರಿಯ ಬಡಗರ ನುಡಿ ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಅವರು ಮನೆಗೆ ಫೋನು ಮಾಡುವಾಗ ನಾನು ಅರ್ಧಕ್ಕರ್ಧ ಕದ್ದು ಕೇಳಬಲ್ಲೆ. ಬಡಗ ಎಂದರೆ ಬಡಗಣವರು, ಮೈಸೂರು ಸೀಮೆಯಿಂದ ಇಳಿದು ಬಂದವರೆಂದು ಹೇಳುತ್ತಾರೆ. ಹಾಗೆ ನೋಡಿದರೆ ನಮ್ಮ ಸಂಘಕ್ಕಿಂತ ಎಷ್ಟೋ ಶತಮಾನ ಹಿರಿಯ ವಲಸೆಗಾರರು! ಸಲಿವನ್ ದೊರೆ 1820ರ ದಶಕದಲ್ಲಿ ಉದಕಮಂಡಲದಲ್ಲಿ ನೆಲೆಸಿ ಇಂಗ್ಲಿಷ್ ತರಕಾರಿಗಳನ್ನು ತಂದ ಮೇಲೆ ಆ ಬೆಟ್ಟಗಳಲ್ಲಿ ಆಲೂಗಡ್ಡೆಯನ್ನು ದೊಡ್ಡ ಬೆಳೆಯಾಗಿ ಬೆಳೆದವರು ಇವರೇ. 'ಊಟಿ ಉರುಳೈ' ಎಂದು ಚೆನ್ನೈಯಲ್ಲಿ ಎರಡು ರೂಪಾಯಿ ಹೆಚ್ಚಿಗೆ ಕೊಟ್ಟು ಕೊಳ್ಳುವುದು ಅದನ್ನೇ. ಸ್ನೇಹಿತರನ್ನು ಒಂದು ಚೀಲ ಬಿತ್ತನೆ ಕೇಳಿದೆ. ಅವರು ತಲೆಯಾಡಿಸಿಬಿಟ್ಟರು. 1961ರಲ್ಲಿ ಅಲ್ಲಿಯ ಮಣ್ಣಿನಲ್ಲಿ ಬೇರನ್ನು ಹಿಡಿಯುವ, ಕಣ್ಣಿಗೆ ಕಾಣದಂಥ ಒಂದು ದುಂಡುಹುಳು ಪತ್ತೆಯಾಯಿತಂತೆ. ಗಡ್ಡೆಗೆ ಅಂಟಿದ ಮಣ್ಣಿನ ಜೊತೆಯಲ್ಲೇ ಅದು ಊರೂರಿಗೆ ಹೋಗುತ್ತದೆ. "ತಿನ್ನಲು ಬೇಕಾದರೆ ತರುತ್ತೇನೆ, ಬಿತ್ತಲು ಮಾತ್ರ ಕೇಳಬೇಡಿ" ಎಂದರು. ಬೇಡವೆನ್ನಬಲ್ಲ ಸ್ನೇಹಿತರು ದೊಡ್ಡವರು. ಕೊನೆಗೆ ಊರಿನಲ್ಲಿ ನಮ್ಮ ಹೊಲ ಮಾಡುತ್ತಿರುವ ಚಿಕ್ಕಪ್ಪನ ಮಗನಿಂದ ತರಿಸಿದೆ.

2023ರ ನವೆಂಬರ್ 12, ದೀಪಾವಳಿಯ ದಿನ, ಶುಭಮುಹೂರ್ತವೆಂದು ಗಡ್ಡೆ ಇಟ್ಟೆ. ಬೀದಿಯ ಕೊನೆಯಲ್ಲಿ ಹಸು ಸಾಕಿರುವವರಿಂದ ಎರಡು ಕಟ್ಟು ಹುಲ್ಲು ಕೊಂಡು ಹೊದಿಸಿದೆ. ಅಪ್ಪ ಮೆಟ್ಟಿಲಿನಿಂದ ಏಳಲಿಲ್ಲ. ಮೂರು ವಾರಕ್ಕೆ ಮೂರು ಅಂಗುಲ ಚಿಗುರು ಹುಲ್ಲನ್ನು ಸೀಳಿಕೊಂಡು ಬಂತು, ಬೀಗಿದೆ. ಡಿಸೆಂಬರ್ 3, 4ರಂದು ಮಿಚಾಂಗ್ ಚಂಡಮಾರುತ ಬಂತು. ಆ ಎರಡು ದಿನಗಳ ವರ್ಣನೆ ಈ ಪತ್ರಿಕೆಯ ಓದುಗರಿಗೆ ಬೇಕಾಗಿಲ್ಲ, ಅವರವರ ಮನೆಯ ಗೋಡೆಯ ಮೇಲೆ ಗೆರೆ ಇರಬಹುದು. ನಮ್ಮ ಹಿತ್ತಲಲ್ಲಿ ನೀರು ಮೂರು ದಿನ ನಿಂತಿತು. ಇಳಿದ ಮೇಲೆ ಅಪ್ಪ ಕೋಲಿನಿಂದ ಹುಲ್ಲನ್ನು ಮಗುಚಿದರು. ಆ ವಾಸನೆಯನ್ನು ನಾನು ಬರೆಯಲಾರೆ. ಅವರು ಏನೂ ಆಡಲಿಲ್ಲ. ಸಂಕ್ರಾಂತಿಗೆ ಊರಿಗೆ ಹೊರಟರು, ಈ ಸಲ ನಾನು ತಡೆಯಲಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಅಪ್ಪ ಮತ್ತೆ ಬಂದರು. ಅವರ ಚೀಲ ಬಿಚ್ಚಿದ ನನ್ನ ಶ್ರೀಮತಿ ನನ್ನನ್ನು ಒಳಗೆ ಕರೆದು ತೋರಿಸಿದಳು. ಪಂಚೆ, ಟವಲುಗಳ ನಡುವೆ ಒಂದು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಎರಡು ಕಿಲೋ ಆಲೂಗಡ್ಡೆ. ಸೀರೆ ಅಮ್ಮನದು. ಸಾಯಂಕಾಲ ಅಪ್ಪ ಯಾರಿಗೂ ಹೇಳದೆ ತಮ್ಮ ಮಂಚದ ಕೆಳಗೆ ಗೋಣಿ ಹಾಸಿ ಅವನ್ನು ಹರಡಿದರು. ಹೊಸದಾಗಿ ಕಿತ್ತ ಗಡ್ಡೆ ಎರಡು ತಿಂಗಳಾದರೂ ನಿದ್ದೆ ಮಾಡಬೇಕು, ಆಮೇಲಷ್ಟೇ ಕಣ್ಣು ಬಿಡುತ್ತದೆ. ಡಿಸೆಂಬರಿಗೆ ಸರಿಯಾಗುತ್ತದೆಂದು ಅವರು ಊರಿನಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದರು.

ಈ ಸಲ ರಾಜಿಯಾಯಿತು. ಹುಲ್ಲು ನನ್ನದು, ನೆಲ ಅವರದು. ನವೆಂಬರ್ 30ರ ಫೆಂಗಲ್ ಚಂಡಮಾರುತ ಹೋಗಲಿ ಎಂದು ಕಾದರು. ಡಿಸೆಂಬರಿನ ಎರಡನೆಯ ವಾರದ ಮಳೆಯೂ ಹೋಗಲಿ ಎಂದರು. ಅಷ್ಟರಲ್ಲಿ ಹಿತ್ತಲನ್ನು ಅರ್ಧ ಅಡಿ ಏರಿಸಿ, ಸುತ್ತ ನೀರು ಹೋಗಲು ಕಾಲುವೆ ತೆಗೆದಿದ್ದರು. ಕಣ್ಣಿನ ಡಾಕ್ಟರು ಬಗ್ಗಬಾರದೆಂದು ಹೇಳಿದ್ದ ಅವಧಿ ಮುಗಿದಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಡಿಸೆಂಬರ್ 15, ಭಾನುವಾರ, ತುಂಡಿಗೆ ಎರಡೆರಡು ಕಣ್ಣು ಬರುವಂತೆ ಕತ್ತರಿಸಿ ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿದ್ದ ನಲವತ್ತೆಂಟು ತುಂಡುಗಳನ್ನು ಮಣ್ಣಿಗೆ ಅರ್ಧ ಒತ್ತಿ, ತಲಾ ಒಂದು ಬೊಗಸೆ ಗೊಬ್ಬರ ಹಾಕಿದೆವು. ಮೇಲೆ ನಾಲ್ಕಂಗುಲ ಹುಲ್ಲು. ಗಿಡ ಎದ್ದ ಹಾಗೆಲ್ಲ ಹುಲ್ಲನ್ನೂ ಏರಿಸುತ್ತ ಒಂಬತ್ತಂಗುಲಕ್ಕೆ ತಂದೆವು. ಕೆಳಗೆ ರಟ್ಟು ಹಾಸಬಹುದೆಂದು ಓದಿದ್ದೆ. ಕಚೇರಿಯ ಹಳೆ ಪೆಟ್ಟಿಗೆಗಳ ರಟ್ಟನ್ನು ಸಾಲುಗಳ ನಡುವೆ ಹಾಸಿದೆ. ನಮ್ಮ ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬಳಸಲಿಲ್ಲವೆಂದು ಸಂಪಾದಕರ ಸಮಾಧಾನಕ್ಕಾಗಿ ತಿಳಿಸುತ್ತೇನೆ.

ಹೊದಿಕೆಯ ಗುಣ ನಿಜ. ಜನವರಿಯ ಒಂದು ಮಧ್ಯಾಹ್ನ ಮೂರು ಗಂಟೆಗೆ ಬರಿಯ ನೆಲಕ್ಕೆ ಉಷ್ಣಮಾಪಕ ಚುಚ್ಚಿದಾಗ ಮೂವತ್ತನಾಲ್ಕು ಡಿಗ್ರಿ, ಹುಲ್ಲಿನಡಿಯಲ್ಲಿ ಇಪ್ಪತ್ತೆಂಟು. ವಾರಕ್ಕೆ ಎರಡು ಸಲ ನೀರು ಸಾಕಾಯಿತು. ಪಕ್ಕದ ಖಾಲಿ ಸೈಟಿನಲ್ಲಿ ಗೋಣಿಸೊಪ್ಪು, ಕೊಮ್ಮೆ, ಕಾಂಗ್ರೆಸ್ ಗಿಡ ಮಂಡಿಯೆತ್ತರ ಬೆಳೆದರೂ ನಮ್ಮಲ್ಲಿ ಒಂದೂ ಇಲ್ಲ. ಬೀಜದಿಂದ ಹುಟ್ಟುವ ಕಳೆಗೆ ಬೆಳಕು ಬೇಕು. ಬೆಳಕು ಕಾಣದೆ ಅಲ್ಲೇ ಸಾಯುತ್ತದೆ. "ನೋಡಿದೆಯಾ ಅಪ್ಪ, ಕಳೆಯೇ ಇಲ್ಲ" ಎಂದೆ. "ಇರು" ಎಂದರು.

ಮೂರನೆಯ ವಾರ ಹಿತ್ತಲೆಲ್ಲ ಹಸಿರಾಯಿತು. ಹೋಗಿ ನೋಡಿದರೆ ಭತ್ತ! ಸರಿಯಾಗಿ ಬಡಿಯದ ಹುಲ್ಲಿನಲ್ಲಿ ಉಳಿದಿದ್ದ ಕಾಳೆಲ್ಲ ಮೊಳೆತು ಸಸಿಮಡಿಯಾಗಿತ್ತು. ಮೇಲಿನಿಂದ ಪಾಟಿ ಬಗ್ಗಿ ನೋಡಿ, ನಾಟಿ ಯಾವಾಗ ಎಂದು ತಮಿಳಿನಲ್ಲಿ ಕೇಳಿದರು. ಅದೇನೋ ಕೈಯಲ್ಲಿ ಸವರಿದರೆ ಕಿತ್ತು ಬಂತು. ಅದರ ಹಿಂದೆ ಬಂದ ಶತ್ರು ಹಾಗಲ್ಲ. ಕೊನ್ನಾರಿ. ನಮ್ಮ ಕಡೆ ಜೇಕು ಎಂದೂ ಕರೆಯುತ್ತಾರೆ, ಆಯುರ್ವೇದದವರು ತುಂಗಮುಸ್ತೆ ಎಂದು ಮರ್ಯಾದೆ ಕೊಡುತ್ತಾರೆ, ಇಲ್ಲಿ ಕೋರೈ. ಅದರ ಬಳಗದ ಒಂದು ಜೊಂಡಿನಿಂದಲೇ ತಿರುನಲ್ವೇಲಿಯ ಕಡೆಯ ಪತ್ತಮಡೈಯಲ್ಲಿ ರೇಷ್ಮೆಯಂಥ ಚಾಪೆ ನೇಯುತ್ತಾರೆ. ಇದಕ್ಕೆ ಬೆಳಕಿನ ಹಂಗಿಲ್ಲ, ಏಕೆಂದರೆ ಇದು ಬೀಜದಿಂದ ಹುಟ್ಟುವುದಕ್ಕಿಂತ ಗಡ್ಡೆಯಿಂದ ಹುಟ್ಟುವುದೇ ಹೆಚ್ಚು. ನೆಲದೊಳಗೆ ಸರಪಳಿಯ ಹಾಗೆ ಗಡ್ಡೆಗೆ ಗಡ್ಡೆ ಕಟ್ಟಿಕೊಂಡಿರುತ್ತದೆ. ಅಲ್ಲಿ ಕೂಡಿಟ್ಟ ಶಕ್ತಿಯಿಂದ ಸೂಜಿಯಂಥ ಮೊನೆ ಹೊರಟು ಒಂಬತ್ತಂಗುಲ ಹುಲ್ಲನ್ನೂ ನನ್ನ ರಟ್ಟನ್ನೂ ತೂತು ಮಾಡಿ ಮೇಲೆ ಬಂತು. ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಬರುವ ಜಾತಿ ಅದು. ಕಿತ್ತರೆ ಗರಿ ಕೈಗೆ ಬರುತ್ತದೆ, ಗಡ್ಡೆ ಅಲ್ಲೇ ಕೂತು ನಗುತ್ತದೆ.

"ಹೊದಿಸೋಕೆ ಮುಂಚೆ ಅಗೆದು ಆರಿಸ್ಬೇಕಿತ್ತು. ಏಳಿದ್ರೆ ಬಿ.ಎಸ್ಸಿಯವ್ರಿಗೆ ಬೇಜಾರು" ಎಂದರು ಅಪ್ಪ. ಅರ್ಧ ಹಿತ್ತಲನ್ನು ಅವರು ಹಾಗೆ ಆರಿಸಿಯೂ ಇದ್ದರು. ನಾನು ಹುಲ್ಲು ತಂದ ಆತುರದಲ್ಲಿ ಉಳಿದರ್ಧ ಮುಚ್ಚಿಬಿಟ್ಟಿದ್ದೆ. ಎರಡು ಭಾಗದ ವ್ಯತ್ಯಾಸ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮಾರ್ಚಿಯವರೆಗೆ ಮೂರು ದಿನಕ್ಕೊಮ್ಮೆ ಆ ಗರಿಗಳನ್ನು ಚಿವುಟಿದೆವು. ಗರಿ ಬಿಡಲು ಬಿಡದಿದ್ದರೆ ಗಡ್ಡೆ ಬಡವಾಗುತ್ತದೆ, ಅಷ್ಟೇ, ಸಾಯುವುದಿಲ್ಲ.

ಇನ್ನು ಹುಳುವಿನ ಸಂಗತಿ. ಮೊದಲು ಕಂಡದ್ದು ನಾನಲ್ಲ, ಪಾಟಿ. ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ. ಪಾಟಿ ಬೆಳಗಿನ ಐದಕ್ಕೆ ಎದ್ದು ಬಾಗಿಲಲ್ಲಿ ಅಕ್ಕಿಹಿಟ್ಟಿನ ಕೋಲ ಬಿಡಿಸುವವರು. ಒಂದು ಮುಂಜಾನೆ ನಮ್ಮ ಬಾಗಿಲು ಬಡಿದು, ಒಂದೇ ಉಸಿರಿನಲ್ಲಿ ಏನೇನೋ ಹೇಳಿದರು. ಹೋಗಿ ನೋಡಿದರೆ ಕೋಲದ ಮೇಲೆ ಅಡ್ಡಾದಿಡ್ಡಿ ಬೆಳ್ಳಿಯ ಗೆರೆಗಳು. ನಟ್ಟನಡುವೆ ಮುಷ್ಟಿಗಾತ್ರದ ಒಂದು ಶಂಖದ ಹುಳು ಸಾವಕಾಶವಾಗಿ ಹಿಟ್ಟು ನೆಕ್ಕುತ್ತಿತ್ತು. "ನತ್ತೈ! ಎಲ್ಲಾಂ ಉಂಗ ವೈಕ್ಕೋಲ್!" ಎಂದರು. ಎಲ್ಲ ನಿಮ್ಮ ಹುಲ್ಲಿನ ಪ್ರತಾಪ ಎಂಬುದಕ್ಕೆ ಭಾಷಾಂತರ ಬೇಕಾಗಲಿಲ್ಲ.

ಹಿತ್ತಲಿಗೆ ಓಡಿದೆ. ಹುಲ್ಲನ್ನು ಒಂದು ಕಡೆ ಎತ್ತಿದರೆ ಕೆಳಗೆ ಛತ್ರವೇ ನೆರೆದಿದೆ. ದೊಡ್ಡ ಶಂಖದವು, ಶಂಖವಿಲ್ಲದ ಕಂದು ಬಣ್ಣದ ಸಿಂಬಳದ ಹುಳುಗಳು, ಸಾಸುವೆಗಿಂತ ತುಸು ದೊಡ್ಡ ಮೊಟ್ಟೆಗಳ ಗುಪ್ಪೆ. ಎಲೆಗಳೆಲ್ಲ ಜರಡಿಯಾಗಿದ್ದವು. ಯಾವ ತಂಪು, ಯಾವ ಕತ್ತಲೆ, ಯಾವ ತೇವವನ್ನು ನಾನು ಆಲೂಗಡ್ಡೆಗೆಂದು ಅಷ್ಟು ವಾದ ಮಾಡಿ ಒದಗಿಸಿದ್ದೆನೋ ಅದು ಈ ಅತಿಥಿಗಳಿಗೂ ಅಷ್ಟೇ ಹಿತವಾಗಿತ್ತು. ಪುಸ್ತಕದಲ್ಲಿ ಈ ಮಾತು ಒಂದು ಸಾಲಿನಲ್ಲಿತ್ತು, ಓದುವಾಗ ದಾಟಿಹೋಗಿದ್ದೆ.

ಆ ದೊಡ್ಡ ಹುಳು ನಮ್ಮ ದೇಶದ್ದಲ್ಲ, ಪೂರ್ವ ಆಫ್ರಿಕದ್ದು. 1847ರಲ್ಲಿ ಬೆನ್ಸನ್ ಎಂಬ ಶಂಖಪ್ರಿಯ ಆಂಗ್ಲರು ಮಾರಿಷಸ್ಸಿನಿಂದ ಅದನ್ನು ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟರು. ಅಲ್ಲಿಂದ ನಡೆದುಕೊಂಡೇ ಎನ್ನುವ ಹಾಗೆ ದೇಶವೆಲ್ಲ ಹರಡಿದೆ, ಕೊಡಗಿನ ಕಾಫಿ ತೋಟಗಳಲ್ಲೂ ಹಾವಳಿಯೆಬ್ಬಿಸಿದೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಪ್ರತಿಯೊಂದೂ ಒಂದೊಂದು ಸಲಕ್ಕೆ ನೂರು, ಇನ್ನೂರು ಮೊಟ್ಟೆ ಇಡುತ್ತದೆ. ಬರಿಗೈಯಲ್ಲಿ ಮುಟ್ಟಬಾರದು, ಇಲಿಯಿಂದ ಬರುವ ಒಂದು ಜಂತು ಅದರ ಮೈಯಲ್ಲಿದ್ದು ಮನುಷ್ಯನ ಮಿದುಳಿಗೂ ತೊಂದರೆ ಕೊಡಬಲ್ಲದು. ಮಕ್ಕಳಿರುವ ಮನೆಯವರು ಇದೊಂದನ್ನು ದಯವಿಟ್ಟು ನೆನಪಿಡಬೇಕು.

ಅಂಗಡಿಯಲ್ಲಿ ವಿಷದ ಗುಳಿಗೆ ಸಿಗುತ್ತದೆ. ಬೀದಿನಾಯಿ ತಿಂದರೆ ಗತಿಯೇನೆಂದು ಬಿಟ್ಟೆ. ಮೊಟ್ಟೆಯ ಚಿಪ್ಪು ಪುಡಿ ಮಾಡಿ ಸುರಿದೆ, ಅದರ ಮೇಲೆಯೇ ನಡೆದು ಬಂದವು. ಬೂದಿ ಒಣಗಿರುವಷ್ಟು ಹೊತ್ತು ತಡೆಯಿತು, ಇಬ್ಬನಿ ಬಿದ್ದರೆ ಮುಗಿಯಿತು. ಆಮೇಲೆ ಎಲ್ಲೋ ಓದಿದೆ, ಸಿಂಬಳದ ಹುಳುವಿಗೆ ಬೀರಿನ ವಾಸನೆ ಪ್ರಾಣವಂತೆ. ಬಟ್ಟಲಲ್ಲಿ ಹೊಯ್ದು ನೆಲಮಟ್ಟಕ್ಕೆ ಹೂತರೆ ತಾನಾಗಿ ಬಂದು ಮುಳುಗುತ್ತದಂತೆ. ಜನ್ಮದಲ್ಲಿ ಮೊದಲ ಸಲ ಟಾಸ್ಮಾಕ್ ಅಂಗಡಿಯ ಸಾಲಿನಲ್ಲಿ ನಿಂತೆ. ಮುಂದಿನವರು ತಿರುಗಿ ನೋಡಿದರೆ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು! ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತೆವು. "ಹುಳುವಿಗೆ" ಎಂದೆ ನಾನು, ತಡೆಯಲಾರದೆ. "ನನ್ನದೂ ಹಾಗೇ" ಎಂದರು ಅವರು. ಮನೆಯಲ್ಲಿ ಶ್ರೀಮತಿ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ಸಾಗಿಸಿದಳು. ಬೆಳಗ್ಗೆ ಬಟ್ಟಲಲ್ಲಿ ಹದಿನೇಳು ಸಿಂಬಳದ ಹುಳು ಬಿದ್ದಿದ್ದವು. ಶಂಖದವು ಒಂದೂ ಇಲ್ಲ, ಅವು ಮದ್ಯಪಾನವಿರೋಧಿಗಳಿರಬೇಕು. ಅಪ್ಪ ನೋಡಿ, ಬೆಲ್ಲದ ನೀರಿಗೆ ಒಂದಿಷ್ಟು ತೌಡು ಕಲಸಿ ಹುಳಿ ಬರಿಸಿ ಇಟ್ಟರು. ಅದಕ್ಕೆ ಇಪ್ಪತ್ತು ಬಿದ್ದವು. ಆ ಸಾಲಿನಲ್ಲಿ ನಾನು ಮತ್ತೆ ನಿಲ್ಲಬೇಕಾಗಲಿಲ್ಲ.

ಉಳಿದದ್ದು ಒಂದೇ ದಾರಿ, ಹುಡುಕಿ ಹಿಡಿಯುವುದು. ರಾತ್ರಿ ಒಂಬತ್ತಕ್ಕೆ ಅಪ್ಪ ಟಾರ್ಚು ಹಿಡಿದು ಮುಂದೆ. ಇಕ್ಕಳ ಮತ್ತು ಉಪ್ಪುನೀರಿನ ಬಕೆಟ್ಟಿನೊಂದಿಗೆ ನಾನು ಹಿಂದೆ. ಒಂಬತ್ತನೆಯ ತರಗತಿಯ ಮಗಳು ಲೆಡ್ಜರ್ ಹಿಡಿದು ಮೆಟ್ಟಿಲ ಮೇಲೆ. ಆ ಮೆಟ್ಟಿಲು ಅವಳಿಗೆ ಬಿಟ್ಟುಕೊಟ್ಟಾಗಿತ್ತು. ಪೊರೆ ತೆಗೆದ ಹೊಸ ಕಣ್ಣು ಅಪ್ಪನದು, ನನಗೆ ಕಾಣದ್ದು ಅವರಿಗೆ ಕಾಣುತ್ತಿತ್ತು. "ಬರಕೋ ಮಗ, ನಲವತ್ತೆರಡು" ಎನ್ನುವರು. ಅವಳು ತಾರೀಖು, ದೊಡ್ಡದು, ಚಿಕ್ಕದು, ಮೊಟ್ಟೆ ಎಂದು ನಾಲ್ಕು ಕಲಮು ಹಾಕಿ ಬರೆಯುವಳು. ಮೊದಲ ರಾತ್ರಿ ಅರವತ್ಮೂರು. ಒಂದು ವಾರವಾದರೂ ಐವತ್ತಕ್ಕೆ ಇಳಿಯಲಿಲ್ಲ.

ಎಂಟನೆಯ ದಿನ ಅಪ್ಪ ಮೂರು ಬದಲಾವಣೆ ಮಾಡಿದರು. ಸಂಜೆ ಹಾಕುತ್ತಿದ್ದ ನೀರನ್ನು ಬೆಳಗ್ಗೆಗೆ ತಂದರು, ರಾತ್ರಿಯ ಹೊತ್ತಿಗೆ ಹುಲ್ಲಿನ ಮೇಲ್ಮೈ ಒಣಗಿರಲಿ ಎಂದು. ಸುತ್ತಲೂ ಗೋಡೆಗೆ ತಾಗಿಕೊಂಡಿದ್ದ ಹುಲ್ಲನ್ನು ಒಂದಡಿ ಒಳಗೆ ಎಳೆದು, ಆ ಪಟ್ಟಿಯನ್ನು ದಿನಾ ಗುಡಿಸಿ ಬರಿಯ ನೆಲ ಮಾಡಿದರು. ಅಲ್ಲಿ ದಾಟುವ ಹುಳು ಎದ್ದು ಕಾಣುತ್ತದೆ. ಮೂರನೆಯದು, ನಾಲ್ಕು ಮೂಲೆಗೂ ಒದ್ದೆ ಗೋಣಿ ಹಾಸಿ ಅದರಡಿಯಲ್ಲಿ ಪರಂಗಿ ಎಲೆ ಇಟ್ಟರು. ಬೆಳಗಾಗುವ ಹೊತ್ತಿಗೆ ಹುಳುಗಳು ಹುಲ್ಲಿಗೆ ಹಿಂತಿರುಗುವ ಬದಲು ಗೋಣಿಯಡಿಯಲ್ಲಿ ಸೇರುತ್ತಿದ್ದವು. ಎತ್ತಿ ಕೊಡವಿದರೆ ಆಯಿತು. ಪರಂಗಿ ಎಲೆ ಕೊಯ್ಯುವ ನೆಪದಲ್ಲಿ ಪಾಟಿಯೂ ಕೆಳಗಿಳಿದು ಬರತೊಡಗಿದರು. ಅಪ್ಪ "ಉರ್ಳಗಡ್ಡೆ" ಎನ್ನುವರು, ಅವರು "ಉರುಳೈಕ್ಕಿಳಂಗು" ಎನ್ನುವರು. ನಾವು ಓದಿದವರು ಉತ್ತರದಿಂದ ಆಲೂ ತಂದು ಗಡ್ಡೆಗೆ ಅಂಟಿಸಿಕೊಂಡೆವು, ನಮ್ಮ ಕರಾವಳಿಯವರು ಪೋರ್ಚುಗೀಸರ ಬಟಾಟೆಯನ್ನು ಇಟ್ಟುಕೊಂಡರು; ಈ ಇಬ್ಬರು ಹಳಬರಿಗೆ ಮಾತ್ರ ಒಂದೇ ಪದ ಒದಗಿಬಂತು. ಆ ಒಂದು ಪದದ ಮೇಲೆ ನಿಂತು ಅವರು ಮಳೆ, ಮಂಡಿನೋವು, ಸೊಸೆಯಂದಿರು ಎಂದು ಎಷ್ಟು ದೂರ ಹೋಗುತ್ತಿದ್ದರೆಂಬುದಕ್ಕೆ ನನ್ನ ಶ್ರೀಮತಿಯೇ ಸಾಕ್ಷಿ. ಜನವರಿ ಕೊನೆಗೆ ಲೆಡ್ಜರಿನ ಲೆಕ್ಕ ರಾತ್ರಿಗೆ ಎಂಟು, ಹತ್ತಕ್ಕೆ ಇಳಿಯಿತು. ಒಟ್ಟು ಮೊತ್ತ 1,114, ಮೊಟ್ಟೆ ಬಿಟ್ಟು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಫೆಬ್ರವರಿಯಲ್ಲಿ ಹುಲ್ಲು ಕೊಳೆತು ತೆಳುವಾಯಿತು; ನಾನು ಗಮನಿಸಲಿಲ್ಲ. ಅಪ್ಪ ಒಂದು ಗಡ್ಡೆಯ ಭುಜ ಹಸಿರಾದದ್ದನ್ನು ಕಂಡು, ನನ್ನನ್ನು ಕೇಳದೆಯೇ ಪ್ರತಿ ಗಿಡದ ಬುಡಕ್ಕೂ ಎರಡು ಬೊಗಸೆ ಮಣ್ಣು ಕೊಟ್ಟು ಮೇಲೆ ತೆಂಗಿನ ಗರಿ ಹೊದಿಸಿದರು. ಬೆಳಕು ತಾಗಿ ಹಸಿರಾದ ಗಡ್ಡೆಯಲ್ಲಿ ವಿಷದ ಅಂಶ ಕೂಡುತ್ತದೆ, ತಿನ್ನಬಾರದು. ಅಂತೂ ಮಣ್ಣು ಕೊಟ್ಟೇ ಬಿಟ್ಟರು.

2025ರ ಮಾರ್ಚ್ 9, ಭಾನುವಾರ, ಎಂಬತ್ತನಾಲ್ಕನೆಯ ದಿನ, ಸೊಪ್ಪು ಹಳದಿಯಾಗಿ ಒರಗಿತ್ತು. ಗುದ್ದಲಿ ಬೇಕಾಗಲಿಲ್ಲ. ಹುಲ್ಲು ಸರಿಸಿದರೆ ಕೋಳಿ ಎದ್ದುಹೋದ ಬುಟ್ಟಿಯ ಹಾಗೆ ಬೆಳ್ಳಗೆ ಬಿದ್ದಿದ್ದವು. ಪಾಟಿಯ ತಕ್ಕಡಿಯಲ್ಲಿ ತೂಗಿದೆವು: ಐದು ಕಿಲೋ ಇನ್ನೂರು ಗ್ರಾಂ. ಅದರಲ್ಲಿ ಹಸಿರಾದದ್ದು ಆರುನೂರು ಗ್ರಾಂ, ಹುಳು ಕೊರೆದದ್ದು ಒಂದು ಪಾವು ಕಿಲೋ. ಬಹುಪಾಲು ನಿಂಬೆಹಣ್ಣಿನ ಗಾತ್ರ. ಕೊನ್ನಾರಿ ಇದ್ದ ನನ್ನ ಅರ್ಧದಲ್ಲಿ ಎರಡು ಕಿಲೋ ಕೂಡ ಬರಲಿಲ್ಲ. ಒಂದು ಗಡ್ಡೆಯನ್ನಂತೂ ಅದರ ಸೂಜಿಮೊನೆ ಈ ಕಡೆಯಿಂದ ಆ ಕಡೆಗೆ ತೂರಿತ್ತು. ಹುಲ್ಲು, ಗೊಬ್ಬರ, ಟಾರ್ಚು, ಉಪ್ಪು, ಆ ಒಂದು ಸೀಸೆ ಎಲ್ಲ ಸೇರಿಸಿದರೆ ಕಿಲೋಗೆ ಇನ್ನೂರು ರೂಪಾಯಿಯ ಮೇಲೆ ಬಿತ್ತು. ಆಡಿಟ್ಟಿನವರು ಬಂದರೆ ನನ್ನಲ್ಲಿ ಸಮಜಾಯಿಷಿಯಿಲ್ಲ.

ಅಪ್ಪ ಒಂದನ್ನು ಟವಲಿನಲ್ಲಿ ಒರೆಸಿ ಬೆಳಕಿಗೆ ಹಿಡಿದರು. "ಸಣ್ಣವು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸಿಪ್ಪೆ ಚೆಂದಾಗವೆ. ಮಣ್ಣೇ ಅಂಟಿಲ್ಲ ನೋಡು" ಎಂದರು. ಅರ್ಧ ಕಿಲೋ ಪಾಟಿಗೆ ಹೋಯಿತು, ಮಧ್ಯಾಹ್ನಕ್ಕೆ ಅದು ಪೊಡಿಮಾಸ್ ಆಗಿ ಬಟ್ಟಲಲ್ಲಿ ಹಿಂತಿರುಗಿ ಬಂತು. ನಮ್ಮಲ್ಲಿ ಪಲ್ಯ. ಅಪ್ಪನಿಗೆ ಸಕ್ಕರೆ ಕಾಯಿಲೆಯೆಂದು ಶ್ರೀಮತಿ ಎರಡೇ ಹೋಳು ಬಡಿಸಿದಳು. ಮೂರನೆಯದನ್ನು ಅವರು ಮೊಮ್ಮಗಳ ತಟ್ಟೆಯಿಂದ ತೆಗೆದುಕೊಂಡರು.

ಮೇ ತಿಂಗಳಲ್ಲಿ ಅಪ್ಪ ಊರಿಗೆ ಹೋದರು, ಮುಂಗಾರಿನ ಬಿತ್ತನೆ ನೋಡಲು. ಚಿಕ್ಕಪ್ಪನ ಮಗ ಜುಲೈಯಲ್ಲಿ ಫೋನು ಮಾಡಿ, "ಅಣ್ಣಯ್ಯ, ದೊಡ್ಡಪ್ಪ ನಾಕು ಸಾಲಿಗೆ ಜೋಳದ ಕಡ್ಡಿ ಹೊದಿಸವ್ರೆ. ಕೇಳಿದ್ರೆ, ಸುಮ್ನೆ ಎಲ್ಲಿ ಬಿಸಾಕದು ಅಂತಾರೆ" ಎಂದು ತಿಳಿಸಿದ. ನಾನು ಅಪ್ಪನ ಹತ್ತಿರ ಆ ವಿಷಯ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಈಗ ಇಲ್ಲಿ ಮತ್ತೆ ಹಿಂಗಾರು ಹಿಡಿದಿದೆ. ಹಿತ್ತಲಿನ ಕೊನ್ನಾರಿಯನ್ನು ಈ ಸಲ ಪೂರ್ತಿ ಅಗೆದು ಬುಟ್ಟಿಗಟ್ಟಲೆ ಗಡ್ಡೆ ಆರಿಸಿ ಹಾಕಿದ್ದೇನೆ; ಸೊಂಟ ಇನ್ನೂ ಸರಿಹೋಗಿಲ್ಲ. ತಿಂಗಳ ಕೊನೆಗೆ ಅಪ್ಪ ಬರುತ್ತಾರೆ, ಟಿಕೆಟ್ ಆಗಿದೆ, ಮಂಚದ ಕೆಳಗೆ ಜಾಗ ಮಾಡಿಡಲು ಅಪ್ಪಣೆಯಾಗಿದೆ. ಮಳೆ ಶುರುವಾದಂದಿನಿಂದ ದಿನಾ ರಾತ್ರಿ ಒಂಬತ್ತಕ್ಕೆ ಫೋನು.

"ಹುಳ ನೋಡ್ದೇನ್ಲಾ?"

"ನೋಡ್ದೆ ಅಪ್ಪ. ಹನ್ನೊಂದು."

"ಬರಕೊಂಡಳೇನು?"

"ಬರಕೊಂಡಳು."

ನಿನ್ನೆ ಹಾಗೆಂದು ಫೋನಿಟ್ಟಾಗ ಮಗಳು ಪುಸ್ತಕದಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಏನೂ ಹೇಳದೆ ಎದ್ದು ಕಪಾಟಿನಿಂದ ಲೆಡ್ಜರ್ ತೆಗೆದಳು. ನಾನು ಟಾರ್ಚು ಹುಡುಕಿಕೊಂಡು ಹಿತ್ತಲಿಗೆ ಹೋದೆ.